ಮನೆಗೊಂದು ಬುಕ್ಕು, ಪರೀಕ್ಷೆಗೊಂದು ಬುಕ್ಕು

ಜೆಪ್ಪು, ಮಂಗಳೂರು
ತಾ. ೨೨-೧-೧೯೩೮, ಶನಿವಾರ

ಪ್ರೀತಿಯ ಮಗ ದುಗ್ಗಪ್ಪನಿಗೆ ಅಪ್ಪನ ಆಶೀರ್ವಾದ.

ನಿನ್ನ ಕೆಮ್ಮು ಹೇಗುಂಟು? ಹೋದ ಕಾಗದದಲ್ಲಿ ನೀನು ಅದರ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಲಿಲ್ಲವೆಂದರೆ ಗುಣವಾಗಿದೆ ಎಂದು ನಿನ್ನ ಹೆಂಡತಿ ದೇಯಿ ಹೇಳುತ್ತಾಳೆ, ಜಾಸ್ತಿಯಾಗಿದೆ ಎಂದು ನಾನು. ಮಿಲ್ಲಿನ ಸ್ಟೋರಿನಲ್ಲಿ ದಿನವಿಡೀ ಹತ್ತಿಯ ಧೂಳು ಕುಡಿಯುವವನಿಗೆ ಸಂಜೆ ಒಂದು ಲೋಟ ಬಿಸಿನೀರಿಗೆ ನಾಲ್ಕು ಕಾಳು ಒಳ್ಳೆಮೆಣಸು ಜಜ್ಜಿ ಹಾಕಿ ಕುಡಿಯಲು ಎಂತ ಕಷ್ಟ ಮಾರಾಯ? ಬೊಂಬಾಯಿಯಲ್ಲಿ ಒಳ್ಳೆಮೆಣಸು ಸಿಗುವುದಿಲ್ಲವೆಂದು ಹೇಳಬೇಡ. ಇಲ್ಲಿಂದ ಹೋಗುವ ಸ್ಟೀಮರಿನಲ್ಲಿ ಅದೇ ತಾನೇ ಹೋಗುವುದು. ನನ್ನ ಬಲಗಾಲಿನ ಗಂಟು ಮಾತ್ರ ಚಳಿಗೆ ಸ್ವಲ್ಪ ತಕರಾರು ಮಾಡುತ್ತದೆ. ಉಳಿದಂತೆ ಉಣ್ಣುತ್ತೇನೆ, ನಿದ್ದೆ ಬರುತ್ತದೆ, ಹಂಚಿನ ಕಾರ್ಖಾನೆಯ ಸೀಟಿ ಕೇಳಿದರೆ ಈಗಲೂ ಅಂಗಿ ಹುಡುಕುತ್ತೇನೆ. ರಿಟೈರಾಗಿ ಎರಡು ವರ್ಷವಾಯಿತೆಂದು ಅಂಗಿ ಅರ್ಧ ತೊಟ್ಟ ಮೇಲೆ ನೆನಪಾಗುತ್ತದೆ. ನಿನ್ನ ಸೋದರತ್ತೆ ಅಪ್ಪಿ ಬೋಳಾರದಿಂದ ವಾರಕ್ಕೊಮ್ಮೆ ಬಂದು ನಮ್ಮಿಬ್ಬರನ್ನೂ ಗದರಿಸಿ ಹೋಗುತ್ತಾಳೆ. ಆದ್ದರಿಂದ ಮನೆಯಲ್ಲಿ ಎಲ್ಲವೂ ಸರಿಯಾಗಿದೆ.

ನಿನ್ನ ಮೂರನೆಯ ಕಾಗದ ಸಿಕ್ಕಿತು. ಪರೇಲಿನಲ್ಲಿ ಕೋಣೆ ಆಗಿದೆ, ನಲ್ಲಿ ಬಾಗಿಲ ಹತ್ತಿರವೇ ಉಂಟು, ಫೆಬ್ರವರಿ ಹದಿನೈದರ ಒಳಗೆ ದೇಯಿಯನ್ನು ಸ್ಟೀಮರಿಗೆ ಹತ್ತಿಸಿ ಎಂದು ಬರೆದಿದ್ದಿ. ಮೊದಲಿನ ಎರಡು ಕಾಗದಗಳಲ್ಲೂ ಇದನ್ನೇ ಬರೆದಿದ್ದಿ. ನಾನು ಒಮ್ಮೆ ಬಾವಿಯ ಕಟ್ಟೆ ರಿಪೇರಿಯ ವಿಷಯ ಬರೆದೆ, ಇನ್ನೊಮ್ಮೆ ಬಂದರಿನಲ್ಲಿ ಸಿಕ್ಕಿದ ದೊಡ್ಡ ತೊರಕೆ ಮೀನಿನ ವಿಷಯ ಬರೆದೆ. ಬೇಕೆಂದೇ ಹಾಗೆ ಬರೆದದ್ದು. ಇವತ್ತು ನೇರ ಹೇಳುತ್ತೇನೆ. ದೇಯಿ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ.ಯ ಇಂಗ್ಲಿಷು ಪರೀಕ್ಷೆಗೆ ಮತ್ತೊಮ್ಮೆ ಕೂರುತ್ತಾಳೆ. ಫಾರಮು ತುಂಬಿಸಿ ಆಯಿತು. ತುಂಬಿಸಿದ್ದು ನಾನೇ, ರುಜು ಹಾಕಿದ್ದೂ ನಾನೇ. ಕಳೆದ ವರ್ಷದ್ದನ್ನು ನೀನು ಮರೆತಿರಲಾರೆ. ಫೆಬ್ರವರಿಯಲ್ಲಿ ನಿಮ್ಮ ಮದುವೆ, ಮಾರ್ಚಿನಲ್ಲಿ ಅವಳ ಪರೀಕ್ಷೆ. ಕೈಯ ಮದರಂಗಿ ಮಾಸುವ ಮೊದಲು ಹೋಗಿ ಬರೆದು ಬಂದ ಹುಡುಗಿ ಉಳಿದ ಎಲ್ಲವನ್ನೂ ದಾಟಿ ಇಂಗ್ಲಿಷಿನಲ್ಲಿ ಬಿದ್ದಳು. ಆಗ ನೀನು ಅಲ್ಲಿಂದ ಬರೆದಿದ್ದಿ, ಹೋಗಲಿ ಬಿಡಿ, ನಮ್ಮ ಮನೆಯಲ್ಲಿ ಅದು ಯಾರಿಗೆ ಒಲಿದಿದೆ ಎಂದು. ಮಾತು ನಿಜವೇ. ನಾನು ಕಾಲೇಜಿಗೆ ಹೋಗಿ ಎಫ್.ಎ.ಯಲ್ಲಿ ಇಂಗ್ಲಿಷಿಗೇ ಬಿದ್ದವನು, ನೀನು ಹೈಸ್ಕೂಲಿನ ನಾಲ್ಕನೆಯ ಫಾರಮಿನಲ್ಲಿ ಪುಸ್ತಕ ಮಡಚಿಟ್ಟು ಸ್ಟೀಮರು ಹತ್ತಿದವನು. ಆ ಕಾಗದವನ್ನು ನಾನು ದೇಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹೇಳಬಾರದಿತ್ತೋ ಏನೋ. ಅವಳು ಕೇಳಿ, ಹೌದು ಎಂದು ತಲೆ ಆಡಿಸಿ, ಅಕ್ಕಿ ಆರಿಸಲು ಕೂತಳು.

ಅದಾಗಿ ನಾಲ್ಕೈದು ತಿಂಗಳು ಹೋಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಸಕ್ಕರೆ ಕಟ್ಟಿ ತಂದ ಕಾಗದವನ್ನು ಬಿಡಿಸಿ, ಮೊಣಕಾಲ ಮೇಲೆ ಉಜ್ಜಿ ಸಪಾಟು ಮಾಡಿ, ಬಾಯೊಳಗೇ ಏನೋ ಓದುತ್ತಿದ್ದಾಳೆ. ಹಸನಬ್ಬನ ಅಂಗಡಿಯಲ್ಲಿ ಸಾಮಾನು ಕಟ್ಟುವುದು ಹಳೆಯ ಇಂಗ್ಲಿಷು ಪೇಪರಿನಲ್ಲಿ ಅಲ್ಲವೇ? ಯಾವುದೋ ಊರಿನಲ್ಲಿ ಒಂದು ಹಡಗು ಬಂಡೆಗೆ ತಾಗಿದ ಸುದ್ದಿ. ಜನ ಬದುಕಿದರೋ ಇಲ್ಲವೋ ಎನ್ನುವಲ್ಲಿಗೆ ಕಾಗದ ಹರಿದಿತ್ತು. ಉಳಿದ ಅರ್ಧ ಬೇಕೆಂದು ಅವಳಿಗೆ ಆಸೆ. ನಾನು ಹಸನಬ್ಬನಲ್ಲಿಗೆ ಹೋಗಿ ಕೇಳಿದೆ. ಅವನು ಬೆಲ್ಲ, ಕೊತ್ತಂಬರಿ ಎಲ್ಲ ಬದಿಗೆ ಸರಿಸಿ ಅರ್ಧ ಗಂಟೆ ಹುಡುಕಿ, ಆ ಹಡಗು ಯಾರದ್ದೋ ಮನೆಗೆ ಮೆಣಸು ಕಟ್ಟಿಕೊಂಡು ಹೋಗಿದೆ ನೋಣಯ್ಯಣ್ಣ ಎಂದ. ಅಂದಿನಿಂದ ನಮ್ಮ ಮನೆಗೆ ಬರುವ ಸಾಮಾನನ್ನೆಲ್ಲ ಅಕ್ಷರ ಹೆಚ್ಚು, ಚಿತ್ರ ಕಡಿಮೆ ಇರುವ ಹಾಳೆಯಲ್ಲೇ ಕಟ್ಟುತ್ತಾನೆ. ಉಪ್ಪಿನ ಕಾಗದ ಒದ್ದೆಯಾಗುತ್ತದೆಂದು ಅದಕ್ಕೆ ಎರಡು ಹಾಳೆ. ಅವನಿಗೆ ಓದಲು ಬಾರದು, ಆದರೆ ದೇಯಿಯ ರೀಡಿಂಗು ಪ್ರಾಕ್ಟೀಸಿನ ಸಪ್ಲೈ ಆಫೀಸರು ಅವನೇ.

ಗ್ರಾಮರಿನ ಜವಾಬ್ದಾರಿ ನಾನು ವಹಿಸಿಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಒಂದು ಗಂಟೆ. ಮೂವತ್ತನಾಲ್ಕು ವರ್ಷದ ಹಿಂದೆ ಕಲಿತದ್ದು, ಆದರೂ ಬಾಯಿ ತೆರೆದರೆ ನೌನು, ಪ್ರೊನೌನು, ವರ್ಬು ಒಂದರ ಹಿಂದೊಂದು ಬಂದವು. ನಮ್ಮ ಗಡ್ಡದ ಪ್ರೊಫೆಸರು ಪಾರ್ಸಿಂಗು ಮಾಡಿಸುವಾಗ ಮೇಜಿಗೆ ಬೆರಳು ಕುಟ್ಟುತ್ತಿದ್ದರು, ನಾನೂ ಕುಟ್ಟಿದೆ. ಶಲ್ ಎಲ್ಲಿ, ವಿಲ್ ಎಲ್ಲಿ ಎಂದು ಅವಳು ಕೇಳಿದ ದಿನ ಮಾತ್ರ ಗಂಟು ನೋವು ಎಂದು ಹೇಳಿ ಮಲಗಿದೆ. ಪ್ರೆಸೆಂಟ್ ಪರ್ಫೆಕ್ಟು ಬಂದಾಗ ನನಗೆ ಬಹಳ ಧೈರ್ಯ, ಯಾಕೆಂದರೆ ಅದು ನನ್ನ ಆಫೀಸಿನ ಟೆನ್ಸು. ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ, ಇದನ್ನು ಹತ್ತು ಸಲ ಬರಿ ಎಂದೆ. ಬರೆದಳು. ಹ್ಯಾವ್ ಶಿಪ್ಡ್ ದಿ ಟೈಲ್ಸ್ ಯೆಸ್ಟರ್ಡೇ ಎಂಬುದನ್ನೂ ಬರೆಸಿದೆ, ಮೂವತ್ತು ವರ್ಷ ಕೊಲಂಬೊಕ್ಕೆ ಹಾಗೆಯೇ ಬರೆದವನಲ್ಲವೇ ನಾನು? ಇಂಗ್ಲಿಷು ತಪ್ಪೆಂದು ಒಂದು ಹಂಚಾದರೂ ವಾಪಸು ಬಂದದ್ದುಂಟೆ?

ಈಗ ನಗಬೇಡ. ದೀಪಾವಳಿ ಕಳೆದು ಹತ್ತು ಹದಿನೈದು ದಿನ ಆಗಿರಬೇಕು. ಬೆಂಕಿಪೆಟ್ಟಿಗೆ ಹುಡುಕುತ್ತ ಅಡುಗೆಮನೆಗೆ ಹೋದವನಿಗೆ ಗೆರಸೆಯ ಅಡಿಯಲ್ಲಿ ಒಂದು ನೋಟುಬುಕ್ಕು ಸಿಕ್ಕಿತು. ನಾನು ಜಗಲಿಯಲ್ಲಿ ದಿನಾ ನೋಡುವ ಬುಕ್ಕಿನ ಜೋಡಿಯೇ. ಅದೇ ಹಸನಬ್ಬನ ಪೇಪರಿನ ಬೈಂಡು, ಒಳಗೆ ಅದೇ ತಾರೀಕು, ಅದೇ ಪಾಠ. ಆದರೆ ನನ್ನ ಒಂದೊಂದು ವಾಕ್ಯವೂ ಅದರಲ್ಲಿ ಬೇರೆಯಾಗಿತ್ತು. ಐ ಸಾ ಹಿಮ್ ಯೆಸ್ಟರ್ಡೇ ಎಂದಿತ್ತು. ಕೊಲಂಬೊದ ಹಂಚಿಗೂ ಬೇರೆಯದೇ ವರ್ಬು ಹಾಕಿತ್ತು. ಮೇಲೆ ಚಂದದ ಅಕ್ಷರದಲ್ಲಿ ಪರೀಕ್ಷೆಗೆ ಎಂದು ಬರೆದಿದ್ದಳು. ಹೊರಗೆ ಬಂದು ಜಗಲಿಯ ಬುಕ್ಕಿನ ಮೊದಲ ಹಾಳೆ ನೋಡಿದೆ. ಅಷ್ಟು ದಿನ ನೋಡಿರಲಿಲ್ಲ. ಅದರಲ್ಲಿ ಮನೆಗೆ ಎಂದಿತ್ತು.

ಸತ್ಯ ಹೇಳುತ್ತೇನೆ ದುಗ್ಗಪ್ಪ, ನನಗೆ ಎಫ್.ಎ.ಯ ರಿಸಲ್ಟು ಮತ್ತೊಮ್ಮೆ ಕೈಗೆ ಕೊಟ್ಟ ಹಾಗಾಯಿತು. ಎರಡು ದಿನ ಜಗಲಿಯ ಪಾಠಕ್ಕೆ ರಜೆ ಕೊಟ್ಟೆ. ಸಂಜೆ ಬೋಳಾರಕ್ಕೆ ಹೋಗಿ ಹೊಳೆಯ ಬದಿಯಲ್ಲಿ ಕೂತು, ಹಂಚು ಹೇರಿಕೊಂಡು ಹೋಗುವ ಮಚ್ವೆ ದೋಣಿಗಳನ್ನು ನೋಡಿ, ಇದರಲ್ಲಿ ಎಷ್ಟು ತಪ್ಪು ಇಂಗ್ಲಿಷು ಹೋಯಿತೋ ಎಂದು ಯೋಚನೆ ಮಾಡಿದೆ. ಮೂರನೆಯ ದಿನ ಅವಳೇ ಎದುರು ಬಂದು ನಿಂತಳು. ಅವಳ ತವರಿನ ಹತ್ತಿರ ಅತ್ತಾವರದಲ್ಲಿ ವಾರಿಜಾಕ್ಷಿ ಟೀಚರು ಅಂತ ಇದ್ದಾರೆ, ಇವಳಿಗೆ ಶಾಲೆಯಲ್ಲಿ ಕಲಿಸಿದವರು. ಪ್ರತಿ ಆದಿತ್ಯವಾರ ತಾಯಿಯನ್ನು ನೋಡಲು ಹೋದಾಗ ನನ್ನ ಪಾಠವನ್ನು ಅವರಿಗೆ ತೋರಿಸಿ ತಿದ್ದಿಸಿಕೊಂಡು ಬರುತ್ತಿದ್ದಳಂತೆ. ತಪ್ಪಾಯಿತು ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾಗೆ ಹೇಳಲಿಲ್ಲ. ಹೇಳಿದ್ದು ಇಷ್ಟು:

"ನೀವು ಕಲಿಸಿದ್ದು ಮನೆಗೆ ಮಾವ, ಟೀಚರು ತಿದ್ದಿದ್ದು ಪರೀಕ್ಷೆಗೆ. ಮನೆಯಲ್ಲಿ ತುಳು ಮಾತಾಡ್ತೇವೆ, ಕಾಗದ ಕನ್ನಡದಲ್ಲಿ ಬರೀತೇವೆ. ಹಾಗಂತ ತುಳು ತಪ್ಪಾ?"

ಕುಡಿಯುತ್ತಿದ್ದ ಗಂಜಿ ನನ್ನ ನೆತ್ತಿಗೇರಿತು. ನಗುವಿಗೋ ಎಂತದಕ್ಕೋ ಕಣ್ಣಲ್ಲೂ ನೀರು ಬಂತು. ಅವಳು ಬೆನ್ನಿಗೆ ಕೈ ಕೊಟ್ಟು, ಮೂವತ್ತು ವರ್ಷ ಹಂಚು ತಲುಪಿದೆಯಲ್ಲ, ಅದು ಮುಖ್ಯ ಎಂದಳು. ಆ ಮೇಲೆ ನಾವು ಪಾಠದ ಕ್ರಮ ಬದಲಾಯಿಸಿದೆವು. ನಾನು ವಾಕ್ಯ ಹೇಳುವುದು, ಅವಳು ಅದರಲ್ಲಿ ತಪ್ಪು ಹುಡುಕುವುದು. ಪರೀಕ್ಷೆಯಲ್ಲಿ ತಪ್ಪು ತಿದ್ದಿರಿ ಅಂತ ಒಂದು ಪ್ರಶ್ನೆ ಉಂಟಂತೆ, ಅದಕ್ಕೆ ನನ್ನಷ್ಟು ಪ್ರಯೋಜನದ ಮೇಷ್ಟರು ಇಡೀ ಮಂಗಳೂರಿನಲ್ಲಿ ಇಲ್ಲ ಎಂದು ಟೀಚರು ಹೇಳಿ ಕಳಿಸಿದ್ದಾರೆ. ಹೊಗಳಿದ್ದೆಂದೇ ತಿಳಿದುಕೊಂಡಿದ್ದೇನೆ.

ಇಷ್ಟಾದರೂ ಪರ್ಫೆಕ್ಟು ಎಲ್ಲಿ, ಪಾಸ್ಟು ಎಲ್ಲಿ ಎಂಬುದು ಇಬ್ಬರಿಗೂ ಕೈಗೆ ಹತ್ತಲಿಲ್ಲ. ರೂಲು ಬಾಯಿಪಾಠ ಬರುತ್ತಿತ್ತು, ವಾಕ್ಯಕ್ಕೆ ಬರುವಾಗ ಜಾರುತ್ತಿತ್ತು. ಅದನ್ನು ಬಿಡಿಸಿಕೊಟ್ಟವಳು ಮೀನು ಮಾರುವ ನೆಲ್ಲಿ. ಹೋದ ಗುರುವಾರ ಬುಟ್ಟಿ ಇಳಿಸುವಾಗ ತುಳುವಿನಲ್ಲಿ ನನ್ನನ್ನು ಕೇಳಿದಳು, ಅಪ್ಪಿ ಅಕ್ಕೆ ಬೈದೆರಾ ಎಂದು, ಬಂದಿದ್ದಾರಾ ಅಂತ. ಬಂದಿದ್ದರೆ ಬಂಗುಡೆ ನಾಲ್ಕು ಹೆಚ್ಚು ಕೊಡಬಹುದು ಎಂದು ಅವಳ ಲೆಕ್ಕ. ಕೋಡೆ ಬತ್ತೆರ್, ಪೋಯೆರ್ ಎಂದು ನಾನು ಹೇಳಿದೆ. ನಿನ್ನೆ ಬಂದಳು, ಹೋದಳು ಅಂತ. ಒಳಗಿನಿಂದ ದೇಯಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮಾವ, ಇನ್ನೊಮ್ಮೆ ಹೇಳಿ ಎಂದಳು. ನೆಲ್ಲಿಗೂ ಇನ್ನೊಮ್ಮೆ ಕೇಳು ಎಂದಳು. ನೆಲ್ಲಿ, ಇವಳಿಗೆ ಎಂತ ಆಯಿತು ಎಂಬಂತೆ ನನ್ನ ಮುಖ ನೋಡಿದಳು. ನೋಡು ಮಗ, ಬೈದೆರ್ ಎಂದರೆ ಬಂದವರು ಇನ್ನೂ ಮನೆಯೊಳಗೆ ಇದ್ದಾರೆ. ಬತ್ತೆರ್ ಎಂದರೆ ಬಂದದ್ದು ಮುಗಿದ ಕತೆ, ನಿನ್ನೆಯದ್ದು. ಹ್ಯಾಸ್ ಕಮ್, ಕೇಮ್! ಶಾಲೆಯ ಮೆಟ್ಟಲು ಹತ್ತದ ನೆಲ್ಲಿಗೆ ಬುಟ್ಟಿ ಇಳಿಸುತ್ತ ಬರುವುದು ಕಾಲೇಜಿಗೆ ಹೋದ ನನಗೆ ಬರಲಿಲ್ಲ. ಕನ್ನಡದಲ್ಲೂ ಬಂದಿದ್ದಾರೆ, ಬಂದರು ಅಂತ ಉಂಟು, ಆದರೆ ಅದು ನಮಗೆ ಪುಸ್ತಕದಿಂದ ಬಂದದ್ದಲ್ಲವೇ? ಈಗ ದೇಯಿ ಪ್ರತಿಯೊಂದು ವಾಕ್ಯವನ್ನೂ ಮೊದಲು ನೆಲ್ಲಿಯ ಬಾಯಲ್ಲಿ ಹೇಳಿಸಿ ನೋಡುತ್ತಾಳೆ, ಅಂದರೆ ಮನಸ್ಸಿನಲ್ಲಿ. ಹತ್ತಕ್ಕೆ ಒಂಬತ್ತು ಸರಿ ಬರುತ್ತದೆ.

ಇದರಿಂದ ನನಗೊಂದು ಸಂಗತಿ ಹೊಳೆಯಿತು, ನಿನಗೆ ಮಾತ್ರ ಬರೆಯುತ್ತೇನೆ. ನಿನ್ನ ಅಮ್ಮನ ವಿಷಯ ಯಾರಾದರೂ ಎತ್ತಿದರೆ ಊರಿನವರೆಲ್ಲ ಅಮ್ಮಣಿ ಅಕ್ಕೆ ಪೋಯೆರ್ ಎನ್ನುತ್ತಾರೆ, ಹೋದರು, ಮುಗಿಯಿತು ಅಂತ. ನಾನು ಒಂಬತ್ತು ವರ್ಷದಿಂದ ಪೋತಳ್ ಎನ್ನುತ್ತ ಬಂದಿದ್ದೇನೆ. ಎಲ್ಲಿಗೋ ಹೋಗಿದ್ದಾಳೆ, ಬರುತ್ತಾಳೆ ಎಂಬ ಹಾಗೆ. ದೇಯಿ ಅದನ್ನು ಕೇಳಿರಬೇಕು, ತಿದ್ದಲಿಲ್ಲ. ನಾನೂ ತಿದ್ದಿಕೊಳ್ಳುವುದಿಲ್ಲ. ಅದು ಮನೆಯ ಬುಕ್ಕಿನಲ್ಲೇ ಇರಲಿ.

ಈ ಮುದುಕ ಗಂಜಿ ಬೇಯಿಸಿ ಹಾಕಲು ಆಳು ಬೇಕೆಂದು ಸೊಸೆಯನ್ನು ಹಿಡಿದಿಟ್ಟಿದ್ದಾನೆ ಎಂದು ನೀನು ತಿಳಿಯಬಾರದು. ದೇಯಿ ಹೊರಟ ಮರುದಿನವೇ ಅಪ್ಪಿ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿ ನಿಲ್ಲುತ್ತಾಳೆ, ಮಾತಾಗಿದೆ. ಅವಳ ಕೈಯ ಅಡುಗೆ ಉಣ್ಣುವ ಧೈರ್ಯ ಮಾಡಿದ್ದೇನೆ ಎಂದರೆ ನನ್ನ ಮನಸ್ಸು ನಿನಗೆ ಗೊತ್ತಾಗಬೇಕು. ದೇಯಿಗೆ ಬೊಂಬಾಯಿ ಬೇಡವೆಂದೂ ಅಲ್ಲ. ನಲ್ಲಿ ಬಾಗಿಲ ಹತ್ತಿರ ಉಂಟೆಂದು ನೀನು ಬರೆದದ್ದನ್ನು ನನ್ನಿಂದ ಎರಡು ಸಲ ಓದಿಸಿದ್ದಾಳೆ, ಓದಲು ತನಗೇ ಬರುತ್ತಿದ್ದರೂ. ಅಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಶಾಲೆ ಉಂಟು, ಟೀಚರಿಗೆ ತತ್ವಾರ ಎಂದು ನೀನೇ ಒಮ್ಮೆ ಬರೆದಿದ್ದಿ. ಅದು ಅವಳ ತಲೆಯಲ್ಲಿ ಕೂತಿದೆ. ಎಸ್.ಎಸ್.ಎಲ್.ಸಿ. ಇಲ್ಲದೆ ಹೋದರೆ ಅವಳು ಆ ಶಾಲೆಯ ಗೇಟಿನ ಹೊರಗೆ, ಇದ್ದರೆ ಒಳಗೆ. ಈ ಮಾರ್ಚು ತಪ್ಪಿದರೆ ಬೊಂಬಾಯಿಯ ಸಂಸಾರದ ನಡುವೆ ಇನ್ನೊಂದು ಮಾರ್ಚು ಅವಳಿಗೆ ಬರುವುದಿಲ್ಲ, ಇದು ನನಗೂ ಗೊತ್ತು, ಅವಳಿಗೂ ಗೊತ್ತು.

ಮತ್ತೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಿ. ಗಂಡನಿಗಿಂತ ಹೆಂಡತಿ ಹೆಚ್ಚು ಕಲಿತವಳಾದರೆ ನಿನಗೆ ಹೇಗೆ ಕಂಡೀತೋ ಎಂದು ಹೆದರಿದೆ, ಅಷ್ಟೇ. ನನಗೂ ಎರಡು ದಿನ ಕಷ್ಟವಾಗಿತ್ತು, ಬರೆದೆನಲ್ಲ. ಮೂರನೆಯ ದಿನ ಆ ಕಷ್ಟ ಹೋಯಿತು. ಈಗ ಮಧ್ಯಾಹ್ನದ ಆ ಒಂದು ಗಂಟೆಗಾಗಿ ಬೆಳಿಗ್ಗೆಯಿಂದ ತಪ್ಪು ವಾಕ್ಯ ಕಟ್ಟುತ್ತ ಕೂರುತ್ತೇನೆ. ಇಷ್ಟು ಸುಖವಾಗಿ ನಾನು ಕಾಲೇಜಿನಲ್ಲೂ ಇಂಗ್ಲಿಷು ಓದಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ಹಚ್ಚಿ ಸ್ನಾನ ಮಾಡು. ನಿನ್ನ ಜೊತೆ ಕೋಣೆ ಹುಡುಕಿದ ಗೆಳೆಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ಮಂಗಳಾದೇವಿ ನಿನ್ನ ಬೆನ್ನಿಗಿರಲಿ, ಎದೆಯ ಕಫವನ್ನೂ ನೋಡಿಕೊಳ್ಳಲಿ.

ನಿನ್ನ ಅಪ್ಪ,
ನೋಣಯ್ಯ

ಮರೆತದ್ದು: ಸ್ಟೀಮರಿನ ಆಫೀಸಿಗೆ ನಾನು ಹೋಗಲಿಲ್ಲ, ಪರೀಕ್ಷೆ ಮುಗಿಯುವವರೆಗೆ ಹೋಗುವುದೂ ಇಲ್ಲ. ಇಷ್ಟುದ್ದ ಬರೆದದ್ದು ಈ ಒಂದು ಮಾತಿಗೆ ಧೈರ್ಯ ಬರಲಿ ಎಂದು. ಟಪಾಲು ಕಟ್ಟುವ ಹೊತ್ತಾಯಿತು. ಆದರೆ ನಿನ್ನ ಕಾಗದಕ್ಕೆ ಉತ್ತರ ಹೇಳಬೇಕಾದವಳು ದೇಯಿ, ಕಾಗದದ ಹಿಂಬದಿಯಲ್ಲಿ ಅವಳೇ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದಾಳೆ: ಐ ಶಲ್ ಕಮ್ ವೆನ್ ಐ ಹ್ಯಾವ್ ರಿಟನ್ ಮೈ ಎಕ್ಸಾಮಿನೇಶನ್. ಹ್ಯಾವ್ ರಿಟನ್ ಯಾಕೆ ಎಂದು ನಾನು ಪೆನ್ಸಿಲು ಎತ್ತಿದೆ, ಕೈ ಹಿಡಿದಳು. ಬರೆದು ಆದ ಮೇಲೆ ಎಂದು ಅರ್ಥವಂತೆ, ಅದಕ್ಕಿಂತ ಒಂದು ದಿನ ಮೊದಲೂ ಅಲ್ಲ, ಆ ಮೇಲೆ ಒಂದು ದಿನ ತಡವೂ ಇಲ್ಲ. ನೀನು ನನಗೆ ಉತ್ತರ ಬರೆಯಬೇಡ, ಅವಳಿಗೆ ಬರಿ. ಅದೂ ಇಂಗ್ಲಿಷಿನಲ್ಲೇ ಬರಿ, ನಾಲ್ಕನೆಯ ಫಾರಮಿನದ್ದಾದರೂ ಸಾಕು. ತಪ್ಪಾದೀತು ಎಂದು ಹೆದರಬೇಡ. ಮನೆಗೆ ಎಂದು ಬರೆದ ಬುಕ್ಕಿನಲ್ಲಿ ಇನ್ನೂ ಅರ್ಧಕ್ಕರ್ಧ ಹಾಳೆ ಖಾಲಿ ಉಂಟು.