ಕಾರ್ಡ್ ನಡೆಯುವ ಲೇಡಿ ಡಾಕ್ಟರ್

ಹಳ್ಳಿಖೇಡ (ಬಿ)
೧೪ ನವೆಂಬರ್ ೨೦೨೪

ಪ್ರೀತಿಯ ಮಹಜಬೀನ್ ಆಪಾ, ಸಲಾಂ.

ಫೋನ್ ಬಿಟ್ಟು ಕಾಗದ ಬರೆದಳಲ್ಲ ಎಂದು ಟೆನ್ಷನ್ ಮಾಡಿಕೊಳ್ಳಬೇಡ. ಕೊಡಂಬಲದ ನಿನ್ನ ಮನೆಯಲ್ಲಿ ಫೋನ್ ಸದಾ ಸ್ಪೀಕರಿನಲ್ಲಿರುತ್ತದೆ. ಈ ಮಾತು ನಿನ್ನ ಮಾವನ ಕಿವಿಗೆ ಬೀಳುವುದು ಅಮ್ಮಿಗೆ ಬೇಡ. ನಿಮ್ಮೂರಿಗೆ ಬಳೆ ಮಾರಲು ಬರುವ ಬಿಸ್ಮಿಲ್ಲಾ ಬೀ ಕೈಯಲ್ಲಿ ಕಳಿಸುತ್ತಿದ್ದೇನೆ.

ದೀಪಾವಳಿ ರಜೆಗೆ ಹಾಸ್ಟೆಲಿನಿಂದ ಬಂದಾಗ ಅಮ್ಮಿ ನಮಾಜಿಗೆ ನಿಲ್ಲದಿರುವುದನ್ನು ಕಂಡೆ. ಒಂದು ದಿನವಲ್ಲ, ಇಡೀ ವಾರ. ಕೇಳಿದರೆ, ಮುಟ್ಟಾಗಿ ನಾಪಾಕಾಗಿದ್ದೇನೆ ಎಂದಳು. ಮುಟ್ಟು ನಿಂತು ಎಷ್ಟೋ ವರ್ಷವಾದವಳು, ಆಪಾ. ಅದು ತಿರುಗಿ ಬಂದಿದೆ, ಬಂದ ಹಾಗೆ ಹೋಗುತ್ತದೆ ಎಂದುಕೊಂಡು ಬೇಸಿಗೆಯಿಂದ ಸುಮ್ಮನಿದ್ದಾಳೆ. ನಿಂತ ಮೇಲೆ ಹಾಗಾದರೆ ತಡ ಮಾಡಬಾರದೆಂದು ಮೊಬೈಲಿನಲ್ಲಿ ಓದಿ ಅವಳನ್ನು ದವಾಖಾನೆಗೆ ಹೊರಡಿಸಿದೆ.

ಅಮ್ಮಿಯದು ಎರಡೇ ಹಟ: ಲೇಡಿ ಡಾಕ್ಟರೇ ಆಗಬೇಕು, ಆಯುಷ್ಮಾನ್ ಕಾರ್ಡ್ ನಡೆಯಬೇಕು. ಬಸವಕಲ್ಯಾಣದ ನರ್ಸಿಂಗ್ ಹೋಮಿನಲ್ಲಿ ಕೌಂಟರಿನವಳು ಕಾರ್ಡ್ ಮುಟ್ಟಲೇ ಇಲ್ಲ. "ಇದು ಇಲ್ಲಿ ನಡಿಯಂಗಿಲ್ರಿ. ಮುಂದಿನ ಓಣ್ಯಾಗ ಕೇಳ್ರಿ," ಎಂದಳು. ಮುಂದಿನ ಓಣಿಯಲ್ಲಿ ನಡೆಯುತ್ತದೆ, ಆದರೆ ಮೊದಲು ಸರಕಾರಿ ದವಾಖಾನೆಯ ಚೀಟಿ ಬೇಕಂತೆ. ಸರಕಾರಿ ದವಾಖಾನೆಗೆ ಹೋದರೆ ಅಲ್ಲಿ ಕೂತಿದ್ದವರು ಗಂಡಸು ಡಾಕ್ಟರ್. ಏನು ತ್ರಾಸು ಎಂದು ಕೇಳಿದ್ದಕ್ಕೆ ಅಮ್ಮಿ ಬುರ್ಖಾ ಸರಿಮಾಡಿಕೊಂಡು, "ಮೊಣಕಾಲು ಹಿಡಿತಾವ್ರಿ," ಎಂದುಬಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತೋಳು ಚಿವುಟಿದಳು. ಚೀಟಿ ಎಲುಬಿನ ಡಾಕ್ಟರಿಗೆ ಆಯಿತು. ಹೊರಗೆ ಬಂದು ಇಬ್ಬರೂ ಬಿದ್ದುಬಿದ್ದು ನಕ್ಕೆವು. ನಗುತ್ತ ನಗುತ್ತ ಅವಳು ಗೋಡೆ ಹಿಡಿದು ಕುಸಿದಳು.

ನಿನ್ನೆ ಹುಮನಾಬಾದಿನಲ್ಲಿ ಕೊನೆಗೂ ಲೇಡಿ ಡಾಕ್ಟರ್ ಸಿಕ್ಕರು, ಪೂನಂ ಮೇಡಂ. ಕಾರ್ಡೂ ನಡೆಯಿತು, ಪರದೆಯೂ ಇತ್ತು. ಅಮ್ಮಿ ಅವರೆದುರು ಎಲ್ಲ ಹೇಳಿಕೊಂಡಳು. ಒಳಗೆ ಹುಣ್ಣಾಗಿದೆ, ಗುಳಿಗೆಗೆ ಮಾಯುತ್ತದಂತೆ. ನೀನು ಓಡಿ ಬರುವುದು ಬೇಡ, ಹಸುಗೂಸನ್ನು ನೋಡಿಕೋ ಎಂದು ಅಮ್ಮಿ ಬರೆಸುತ್ತಿದ್ದಾಳೆ.

ನಿನ್ನ
ಸಿಮ್ರಾನ್

ತಾ.ಕ.: ಮೇಲಿನದನ್ನು ಅಮ್ಮಿಗೆ ಓದಿ ಹೇಳಿದೆ. ಇದನ್ನಲ್ಲ. ಮೇಡಂ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಕ್ಯಾನ್ಸರ್ ಇದ್ದಂತಿದೆ, ಬಹಳ ಮುಂದೆ ಹೋಗಿದೆ, ಕೂಡಲೇ ಕಲಬುರಗಿಗೆ ಕರೆದೊಯ್ಯಿರಿ. ನಾಳೆಯೇ ಬಾ ಆಪಾ, ನನ್ನೊಬ್ಬಳಿಂದ ಆಗುವುದಿಲ್ಲ. ಡಾಕ್ಟರ್ ಏನೆಂದರು ಎಂದು ಅಮ್ಮಿ ಕೇಳಿದಾಗ ಹುಣ್ಣು ಎಂದವಳು ನಾನೇ. ಅವಳು ನನ್ನ ತಲೆ ಸವರಿ, "ನಿನ್ನ ಇಂಗ್ಲಿಷ್ ಇವತ್ತು ಉಪಯೋಗಕ್ಕ ಬಂತು ನೋಡು," ಎಂದಳು.