ಹಗ್ಗ ಹಿಡಿದವಳು

ಲಾಸ್ ವೇಗಸ್,
ಮಂಗಳವಾರ, ಮಾರ್ಚ್ 11, 2014

ಮುದ್ದಿನ ಮಾರ್ಲಿ,

ಹೇಗಿದ್ದೀಯ ಮಗಳೇ? ಅಲಾಸ್ಕಾದ ಚಳಿಗೆ ಕೈ ಒಡೆದಿರಬೇಕು. ಮೀನು ಸೀಳಿದ ಮೇಲೆ ಮುಲಾಮು ಹಚ್ಚಿಕೋ. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಆಸ್ಪತ್ರೆಗೂ ಮನೆಗೂ ಓಡಾಡುವುದರಲ್ಲೇ ದಿನ ಕಳೆದವು. ಈಗಲೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗಿವೆ. ಅಪ್ಪನಿಗೆ ಪೆಟ್ಟಾಗಿದೆ ಎಂದು ನಿನ್ನ ಹಡಗಿನ ಕಚೇರಿಗೆ ತಿಳಿಸಿದ್ದೆ. ಅಲ್ಲಿಗೆ ಫೋನ್ ಸಿಗುವುದಿಲ್ಲವಲ್ಲ, ಉಳಿದದ್ದನ್ನು ಕಾಗದದಲ್ಲೇ ಓದು.

ಅವನ ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ.

ಪೆಟ್ಟು ಬೀಳುವ ಹಿಂದಿನ ದಿನ, ಭಾನುವಾರ, ಎಂದಿನಂತೆ ಮರುಭೂಮಿಯ ಕೆಂಪು ಬಂಡೆಗೆ ಹೋಗಿದ್ದೆವು. ಅವನು ಮೇಲೆ ಹತ್ತುವುದು, ಕೆಳಗೆ ನಿಂತು ನಾನು ಹಗ್ಗ ಹಿಡಿಯುವುದು. ನೀನು ಹುಟ್ಟುವ ಮೊದಲಿನಿಂದಲೂ ಹೀಗೆಯೇ. "ಹಿಡಿದಿದ್ದೀಯಾ?" ಎಂದು ಕೂಗುತ್ತಾನೆ. "ಹಿಡಿದಿದ್ದೀನಿ, ಹತ್ತು" ಎನ್ನುತ್ತೇನೆ. ಆ ಮಾತು ಕಿವಿಗೆ ಬೀಳದೆ ನಿನ್ನಪ್ಪ ಪಾದ ಎತ್ತಿಡುವವನಲ್ಲ. ಅವತ್ತು ಹುಡುಗನ ಹಾಗೆ ಹತ್ತಿದ, ಸುಖವಾಗಿ ಇಳಿದ. ವ್ಯಾನಿನ ಬಾಗಿಲಲ್ಲಿ ಕೂತು ರೊಟ್ಟಿ ಸುತ್ತಿದ ಬರಿಟೊ ತಿನ್ನುತ್ತಾ, "ವಾರವಿಡೀ ಕಂಡೋರ ಕಿಟಕಿ ಒರೆಸೋದು ಈ ಒಂದು ದಿನಕ್ಕೋಸ್ಕರ ಕಣೇ" ಅಂದ.

ಪೆಟ್ಟು ಬಿದ್ದದ್ದು ಸೋಮವಾರ, ನಾವಿಬ್ಬರೂ ಕಿಟಕಿ ತೊಳೆಯುವ ಹೋಟೆಲ್ ಗೋಪುರದ ಗೋಡೆಯ ಮೇಲೆ. ಮೊದಲು ನಮ್ಮ ತಂಡದ ಒಬ್ಬ ಮಾಳಿಗೆಯ ಮೇಲೇ ನಿಂತಿರುತ್ತಿದ್ದ. ಹಗ್ಗ ಅಂಚಿಗೆ ಉಜ್ಜದಂತೆ ಅದರಡಿಯ ರಬ್ಬರ್ ಮೆತ್ತೆಯನ್ನು ನೋಡಿಕೊಳ್ಳುವುದು ಅವನ ಕೆಲಸ. ಕ್ರಿಸ್‌ಮಸ್ ಮುಗಿದ ಮೇಲೆ ಕಂಪನಿ ಅವನನ್ನು ಕಿತ್ತುಹಾಕಿತು. "ನಿಂತ್ಕೊಂಡು ಆಕಾಶ ನೋಡೋನಿಗೆ ಸಂಬಳ ಯಾಕೆ?" ಎಂದ ಮೇಲ್ವಿಚಾರಕ ಸ್ಪೆನ್ಸರ್. ಅವತ್ತು ಗಾಳಿಗೆ ಮೆತ್ತೆ ಸರಿಯಿತು. ತಗಡಿನ ಅಂಚು ಹಗ್ಗವನ್ನು ಕೊಯ್ದಿತು. ಕಾಪಿಗೆಂದು ಕಟ್ಟಿದ್ದ ಎರಡನೆಯ ಹಗ್ಗ ನಿನ್ನಪ್ಪನನ್ನು ಹಿಡಿಯಿತೇನೋ ನಿಜ, ಆದರೆ ಅಷ್ಟರಲ್ಲಿ ಅವನ ಬೆನ್ನು ಕಾಂಕ್ರೀಟು ಕಟ್ಟೆಗೆ ಬಡಿದಾಗಿತ್ತು. ಒಳಗೆ ತಿಂಡಿ ತಿನ್ನುತ್ತಿದ್ದವರು ಪರದೆ ಎಳೆದುಕೊಂಡರಂತೆ.

ಆಮೇಲೆ ಅವನು ಮಾಡಿದ್ದೇನು ಗೊತ್ತೇ? ಕೆಳಗಿಳಿದು, ಬೇರೆ ಹಗ್ಗ ಕಟ್ಟಿಕೊಂಡು, ಉಳಿದ ಗಾಜನ್ನೂ ತೊಳೆದ. ಗೋಪುರದ ಆಚೆ ಬದಿಯಿಂದ ನಾನು ಓಡಿ ಬಂದರೆ, "ಏನಿಲ್ಲ ಬಿಡೇ, ಬಂಡೆ ಮೇಲೆ ಇದಕ್ಕಿಂತ ಜಾಸ್ತಿ ತಿಂದಿದ್ದೀನಿ" ಅಂದ. ಬಂಡೆ ಹತ್ತುವವರ ದರಿದ್ರ ಚಾಳಿ ಇದು, ಪೆಟ್ಟನ್ನು ಪದಕದ ಹಾಗೆ ಧರಿಸುವುದು. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದ. ಕಾಲು ಬರಲಿಲ್ಲ.

ಸ್ಪೆನ್ಸರ್‌ಗೆ ಅಷ್ಟೇ ಸಾಕಾಯಿತು. "ಭಾನುವಾರ ಬಂಡೆಯಿಂದ ಬಿದ್ದು ಸೋಮವಾರ ನಮ್ಮ ತಲೆಗೆ ಕಟ್ಟೋಕೆ ಬಂದಿದ್ದೀರಾ? ಮೋಜಿಗೆ ನೇತಾಡೋರು ನೀವು. ನಿಮ್ಮ ಮೋಜಿಗೆ ಕಂಪನಿ ಯಾಕೆ ದಂಡ ತೆರಬೇಕು?"

ಮೋಜಂತೆ! ವಾರವೆಲ್ಲ ಉಳ್ಳವರ ಗಾಜಿಗೆ ಹಲ್ಲಿಯ ಹಾಗೆ ಅಂಟಿಕೊಂಡವನು ಒಂದು ದಿನ ತನ್ನ ಕೈಕಾಲಿಗೆ ತಾನೇ ಯಜಮಾನನಾದರೆ ಇವರ ಹೊಟ್ಟೆ ಉರಿಯುತ್ತದೆ. ನಮ್ಮ ಬೆವರು ಇವರದು, ನಮ್ಮ ಮೂಳೆ ಮಾತ್ರ ನಮ್ಮದು! ಪೆಟ್ಟು ಬಿದ್ದದ್ದು ಬಂಡೆಯ ಮೇಲೆ ಎಂದಾದರೆ ಚಿಕಿತ್ಸೆಯ ಹೊಣೆ ಕಂಪನಿಯದಲ್ಲ, ಆಸ್ಪತ್ರೆಯೂ ಅವನನ್ನು ಹೊರಗೆ ಹಾಕುತ್ತದೆ. ಕೆಲಸದಲ್ಲಿ ಎಂದಾದರೆ ಕಾಲು ಮರಳುವ ಸಣ್ಣ ಆಸೆಯಾದರೂ ಉಳಿಯುತ್ತದೆ. ಗುರುವಾರ ವಿಚಾರಣೆ. ಕೊಯ್ದುಹೋದ ಹಗ್ಗ ಎಲ್ಲಿ ಎಂದು ಕೇಳಿದರೆ, "ಯಾವ ಹಗ್ಗ?" ಎನ್ನುತ್ತಾನೆ ಸ್ಪೆನ್ಸರ್.

ತಂಡದ ಕಿಮೋ ಆ ಹಗ್ಗವನ್ನು ನೋಡಿದ್ದ. ಹೋಗಿ ಕೇಳಿದೆ.

"ನೋಡಿದ್ದೀನಿ ಅಕ್ಕ. ಚಾಕುವಲ್ಲಿ ಕೊಯ್ದಂಗಿತ್ತು."

"ಹಂಗಿದ್ರೆ ಗುರುವಾರ ಬಂದು ಹೇಳೋ."

"ಮಕ್ಕಳೊಂದಿಗ ಕಣಕ್ಕ. ನನ್ನನ್ನ ಬೀಳಿಸೋಕೆ ಅವನಿಗೆ ಹಗ್ಗ ಕೊಯ್ಯೋ ತೊಂದರೇನೂ ಬೇಕಾಗಿಲ್ಲ. ನಾಳೆಯಿಂದ ಬರಬೇಡ ಅಂದ್ರೆ ಸಾಕು."

ಬೈದು ಬಂದೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಕಿಮೋನ ಹೆಂಡತಿ ಸಂಜೆ ಅನ್ನ, ಹುರಿದ ಮಾಂಸ ಕಳಿಸಿದಳು. ಅದನ್ನೇ ತಿಂದೆ, ಏನು ಮಾಡಲಿ?

ನಿನ್ನಪ್ಪ ಗೋಡೆ ನೋಡುತ್ತಾ ಮಲಗಿರುತ್ತಾನೆ. ನರ್ಸ್ ಪರದೆ ಸರಿಸಿದರೆ, "ಮುಚ್ಚಮ್ಮ, ಗಾಜು ಕೊಳೆಯಾಗಿದೆ" ಎನ್ನುತ್ತಾನೆ. ನಗುವುದೋ ಅಳುವುದೋ ತಿಳಿಯದು. ಗುರುವಾರ ಯಾರು ಬರಲಿ ಬಿಡಲಿ, ನಾನೊಬ್ಬಳೇ ಎದ್ದು ನಿಂತು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

ನಿನ್ನ ಗಂಟುಗಳು ಸದಾ ಬಿಗಿಯಾಗಿರಲಿ ಕಂದ, ನಿನ್ನ ಹಡಗು ನೆಟ್ಟಗೆ ದಡ ಸೇರಲಿ. ಯಾರ ಮುಂದೆಯೂ ತಲೆ ಬಗ್ಗಿಸದೆ ಬಾಳು.

ನಿನ್ನ ಅಮ್ಮ,
ರೋವೀನಾ

ವಿ.ಸೂ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಹರಿದೆ. ನಿನಗೂ ಹೇಳದಿದ್ದರೆ ಎದೆ ಒಡೆಯುತ್ತದೆ. ನಿನ್ನೆ ವಿಚಾರಣೆ ನಡೆಸುವವನನ್ನು ಕರೆದುಕೊಂಡು, ಹೂವು ಹಿಡಿದು, ಸ್ಪೆನ್ಸರ್ ಆಸ್ಪತ್ರೆಗೆ ಬಂದಿದ್ದ. ಎಲ್ಲಿ ಬಿದ್ದಿರಿ ಎಂದು ಕೇಳಿದರೆ ನಿನ್ನಪ್ಪ, "ಬಂಡೆಯಿಂದ" ಅಂದುಬಿಟ್ಟ.

ಅವರು ಹೋದ ಮೇಲೆ ಭುಜ ಹಿಡಿದು ಅಲುಗಿಸಿದೆ. "ಯಾಕಂದೆ ಕ್ಲೈಡ್? ಯಾರು ಹೆದರಿಸಿದ್ರು?"

"ಯಾರೂ ಇಲ್ಲ ಕಣೇ. ಹೋಟೆಲ್ ಕಿಟಕಿ ಒರೆಸೋಕೆ ಹೋಗಿ ಸೊಂಟ ಮುರ್ಕೊಂಡ ಅಂತ ನಾಳೆ ಬಂಡೆ ಹತ್ತೋರು ನಗಬಾರದು. ಕಾಲಂತೂ ಹೋಯ್ತು. ಬೀಳಿಸಿದ್ದು ಬಂಡೆ ಅಂತಾನಾದ್ರೂ ಇರ್ಲಿ."

ಅವನಿಗೆ ತನ್ನ ಹೆಸರೊಂದೇ ನೆನಪಾಯಿತು ಮಾರ್ಲಿ. ಬಂಡೆಯಿಂದ ಬಿದ್ದನೆಂದರೆ, ಕೆಳಗೆ ನಿಂತವಳು ಯಾರು? ಅವನ ಮಾತು ಬರೆದುಕೊಂಡ ವಿಚಾರಣೆಯವನು ಮೆಲ್ಲಗೆ ನನ್ನ ಕಡೆ ತಿರುಗಿ ಕೇಳಿದ್ದ: "ಹಗ್ಗ ಹಿಡಿದಿದ್ದವರು ನೀವೇನಾ ಅಮ್ಮಾ?"

ನಿನ್ನಪ್ಪ ಗೋಡೆ ನೋಡುತ್ತಿದ್ದ.

ಹಿಡಿದಿದ್ದೆ ಮಗಳೇ. ನಾನು ಬಿಟ್ಟಿರಲಿಲ್ಲ.