ಒಂದು ಗೇಣು ಕೊತ್ತಂಬರಿ

ಮನೆಯಿಂದ
ತಾರೀಖು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಹಡಗಿನ ಅಡುಗೆಯವರಿಗೆ ನಮಸ್ಕಾರ.

‘ಪ್ರೀತಿಯ’ ಎಂದು ಶುರುಮಾಡಲು ಹೊರಟೆ, ಮನಸ್ಸು ಬರಲಿಲ್ಲ. ಎಣ್ಣೆ ಸಿಡಿದು ಸುಟ್ಟ ಕೈ ವಾಸಿಯಾಯಿತೇ? ಮುಲಾಮು ಹಚ್ಚುತ್ತೀರೋ, ಇಲ್ಲ ಎಂದಿನಂತೆ ‘ಏನಾಗಲ್ಲ ಬಿಡೇ’ ಎಂದುಕೊಂಡು ಅದೇ ಕೈಯಲ್ಲಿ ಖಾರ ಕಲಸುತ್ತಿದ್ದೀರೋ? ಸಿಟ್ಟು ಬಂದಿದೆ ನಿಜ, ಹಾಗಂತ ನಿಮ್ಮ ಕೈ ಉರಿಯಲಿ ಎಂದು ಬಯಸುವವಳಲ್ಲ ನಾನು. ನಾವಿಬ್ಬರೂ ಆರೋಗ್ಯ. ಮಗಳಿಗೆ ಮುಂದಿನ ಒಂದು ಹಲ್ಲು ಬಿದ್ದಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನಿಮ್ಮ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೊರಡುವ ಹಿಂದಿನ ದಿನ ಅಡುಗೆಮನೆಯ ಕಿಟಕಿಯಲ್ಲಿ ಮೊಸರಿನ ಮೂರು ಖಾಲಿ ಡಬ್ಬಿ ಸಾಲಾಗಿಟ್ಟು, ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ, ಕೊತ್ತಂಬರಿ ಬಿತ್ತಿದಿರಿ. ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಬೀಜವನ್ನು ಎರಡು ಹೋಳು ಮಾಡುವುದನ್ನು ಮಗಳಿಗೆ ಕಲಿಸಿದಿರಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಅವಳ ಪುಟ್ಟ ಕೈ ಹಿಡಿದು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಬಿಡಿಸಿ, ‘ನಿನ್ನ ಕೈಯಲ್ಲಿ ಒಂದು ಗೇಣು ಬೆಳೆಯೋ ಹೊತ್ತಿಗೆ ಅಪ್ಪ ಬಾಗಿಲಲ್ಲಿರ್ತೀನಿ’ ಅಂದಿರಿ. ನಲವತ್ತು ದಿನಕ್ಕೆ ಸೊಪ್ಪು ಗೇಣಾಯಿತು. ನೀವು ಬರಲಿಲ್ಲ. ಅದು ಹೂ ಬಿಟ್ಟು ಒಣಗಿತು. ‘ಇನ್ನೊಂದ್ಸಲ ಬಿತ್ತು ಪುಟ್ಟಿ, ಈ ಸಲ ಗ್ಯಾರಂಟಿ’ ಅಂದಿರಿ. ಎರಡನೇ ಸಲವೂ ಬೆಳೆಯಿತು. ಅವತ್ತು ಅವಳು ಶಾಲೆಯ ಬೂಟನ್ನೂ ಬಿಚ್ಚದೆ ಬಾಗಿಲ ಹತ್ತಿರ ಕೂತುಬಿಟ್ಟಳು. ಊಟಕ್ಕೆ ಎಬ್ಬಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

‘ಕ್ಯಾಪ್ಟನ್ ಬಿಡ್ತಿಲ್ಲ ಕಣೇ’ ಎಂದಿರಿ, ನಂಬಿದೆ. ಹೋದ ವಾರ, ಹಡಗಿನಲ್ಲಿ ನಿಮ್ಮ ಜೊತೆ ತರಕಾರಿ ಹೆಚ್ಚುವವರೊಬ್ಬರು, ರಜೆಗೆ ಊರಿಗೆ ಬಂದವರು, ಕನ್ನಡಕ ಮಾಡಿಸಲು ನಾನು ಕೆಲಸ ಮಾಡುವ ಅಂಗಡಿಗೇ ಬಂದರು. ಅವರ ಮೂಗಿನ ಮೇಲೆ ಫ್ರೇಮು ಸರಿಮಾಡುತ್ತ ನಿಮ್ಮನ್ನು ವಿಚಾರಿಸಿದೆ. ‘ಅಯ್ಯೋ ಅಕ್ಕ, ಅವರನ್ನ ಯಾರು ಹಿಡ್ಕೊಂಡಿದ್ದಾರೆ? ರಜೆ ಬಿಟ್ಟು ಇನ್ನೊಂದು ಸಲ ಹಡಗಲ್ಲೇ ಯಾರು ಉಳೀತೀರಿ ಅಂತ ಕೇಳಿದಾಗ ಮೊದ್ಲು ಕೈ ಎತ್ತಿದ್ದೇ ಅವರು’ ಅಂದುಬಿಟ್ಟರು. ಫ್ರೇಮಿನ ಕಡ್ಡಿ ನನ್ನ ಕೈಯಲ್ಲಿ ಮುರಿಯದೆ ಉಳಿದದ್ದೇ ಹೆಚ್ಚು. ಅಲ್ಲಿ ನೂರು ಜನ ನಿಮ್ಮ ಕೈರುಚಿ ಹೊಗಳುತ್ತಾರೆ. ಇಲ್ಲಿ ಇರುವವರು ಇಬ್ಬರು, ಅದರಲ್ಲೊಬ್ಬಳಿಗೆ ಉಪ್ಪು ಎಂದೂ ಸರಿಯಿರುವುದಿಲ್ಲ. ಹಡಗಿನಲ್ಲಿರಲಿಕ್ಕೆ ಇಷ್ಟ, ಅದಕ್ಕೇ ಉಳಿದೆ ಎಂದು ನೇರವಾಗಿ ಹೇಳಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ಪಾಪದ ಕ್ಯಾಪ್ಟನ್ ತಲೆಗೆ ಕಟ್ಟಿದಿರಲ್ಲ, ಅದನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ಇದು ಸಾಲದೆಂಬಂತೆ, ಮೂರನೇ ಸಲದ ಸೊಪ್ಪು ಎರಡು ತಿಂಗಳಾದರೂ ನಾಲ್ಕು ಬೆರಳು ದಾಟಿಲ್ಲ ಎಂದು ಮೊನ್ನೆ ಫೋನಿನಲ್ಲಿ ಹೇಳಿದರೆ, ‘ನಿನ್ನ ಕೈಗುಣ ಕಣೇ’ ಎಂದು ನಕ್ಕಿರಿ. ನನ್ನ ಕೈಗುಣಕ್ಕೆ ಏನಾಗಿದೆ? ಬೆರಳಿಟ್ಟು ಮಣ್ಣು ಒಣಗಿದೆಯೇ ಎಂದು ನೋಡಿಯೇ ನೀರು ಹಾಕುತ್ತೇನೆ. ಸಸಿ ಬೆಳಕಿನ ಕಡೆ ವಾಲದಂತೆ ದಿನಾ ಡಬ್ಬಿ ತಿರುಗಿಸುತ್ತೇನೆ. ಹುಳು ಬಿದ್ದಿರಬಹುದೆಂದು ಅಂಗಡಿಯಿಂದ ಭೂತಗನ್ನಡಿ ತಂದು ಒಂದೊಂದೇ ದಂಟು ನೋಡಿದೆ. ಹುಳು ತಿಂದರೆ ಎಲೆ ತೂತಾಗಬೇಕು, ಅಂಚು ಹರಿದಿರಬೇಕು. ಇಲ್ಲಿ ತುದಿಗಳೆಲ್ಲ ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿವೆ. ಇದು ಯಾವ ಹುಳುವೋ ನನಗಂತೂ ಗೊತ್ತಿಲ್ಲ. ಅಷ್ಟು ಬುದ್ಧಿವಂತರಾದರೆ ನೀವೇ ಬರೆದು ತಿಳಿಸಿ.

ಹೆಚ್ಚು ಬರೆದರೆ ಇನ್ನೂ ಏನೇನೋ ಬಂದುಬಿಡುತ್ತದೆ. ಮುಲಾಮು ಮರೆಯಬೇಡಿ. ಎಲ್ಲರಿಗೂ ಬಡಿಸಿ ಮುಗಿಯಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ನೀವೂ ಉಣ್ಣಿ.

ಇಂತಿ,
ಕೈಗುಣವಿಲ್ಲದ ನಿಮ್ಮ ಹೆಂಡತಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ನಾನು ಮಹಡಿ ಮೇಲೆ ಬಟ್ಟೆ ತೆಗೆಯಲು ಹೋಗಿದ್ದೇನೆ ಎಂದುಕೊಂಡು ಸೀದಾ ಅಡುಗೆಮನೆಗೆ ಹೋದಳು. ಕುರ್ಚಿ ಎಳೆದ ಸದ್ದಾಯಿತು. ಹೋಗಿ ನೋಡಿದರೆ, ಕುರ್ಚಿಯ ಮೇಲೆ ನಿಂತು, ಕೈ ಬಿಡಿಸಿ ಅಳೆದು, ಶಾಲೆಯ ಕಾಗದದ ಕತ್ತರಿಯಿಂದ ಕೊತ್ತಂಬರಿಯ ತುದಿ ಕತ್ತರಿಸುತ್ತಿದ್ದಾಳೆ. ಪೆನ್ಸಿಲ್ ಡಬ್ಬಿಯ ತುಂಬ ಒಣಗಿದ ಸೊಪ್ಪು. ‘ಏನೇ ಇದು’ ಅಂದೆ. ಹೊಡೆಯುತ್ತೇನೆ ಎಂದುಕೊಂಡು ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ‘ಒಂದು ಗೇಣಾದ್ರೆ ಅಪ್ಪ ಬರ್ಬೇಕಲ್ಲಮ್ಮ. ಬರ್ದಿದ್ರೆ ಅಪ್ಪ ಸುಳ್ಳು ಹೇಳ್ದಂಗಾಗುತ್ತೆ. ಅದಕ್ಕೇ ಬೆಳೆಯೋಕೆ ಬಿಡ್ತಿಲ್ಲ’ ಅಂದಳು.

ಹುಳು ಯಾವುದೆಂದು ಇನ್ನು ತಿಳಿಸಬೇಕಾಗಿಲ್ಲ. ಬರುವ ತಾರೀಖು ಬರೆಯಿರಿ. ಇಲ್ಲವೇ, ಬರುವುದಿಲ್ಲ ಎಂದು ಅವಳ ಹೆಸರಿಗೇ ಬರೆಯಿರಿ, ನನ್ನ ಬಾಯಿಂದ ಹೇಳಿಸಬೇಡಿ. ಕತ್ತರಿಯನ್ನು ನಾನು ಕಿತ್ತುಕೊಂಡಿಲ್ಲ. ಅವಳ ಹತ್ತಿರವೇ ಇದೆ.